ರಕ್ತದ ಎಣಿಕೆ ಎಷ್ಟು ಹೇಳುತ್ತದೆ: ಉರಿಯೂತದ ಸೂಚಕಗಳು ಮತ್ತು ಕ್ಯಾನ್ಸರ್‌ನ ಮುಂದಿನ ಗತಿ

(ದಾವಣಗೆರೆಯಲ್ಲಿ ಸಾರ್ವಜನಿಕರಿಗೆ ಹಾಗೂ ಪ್ರಯೋಗಾಲಯ ತಂತ್ರಜ್ಞಾನದ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೆ,

ಜಗಳೂರು, ಹರಪನಹಳ್ಳಿ, ಚನ್ನಗಿರಿ, ಹೊಳಲ್ಕೆರೆಗಳಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ದಾವಣಗೆರೆಗೆ ಬರುವವರ ಕೈಚೀಲದಲ್ಲಿ ಸ್ಕ್ಯಾನ್ ಫಿಲ್ಮು, ಬಯಾಪ್ಸಿ ವರದಿಗಳ ಜೊತೆಗೆ ಇನ್ನೊಂದು ಹಾಳೆ ತಪ್ಪದೆ ಇರುತ್ತದೆ. ಅದು ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆಯ ವರದಿ. ಹಿಮೋಗ್ಲೋಬಿನ್ ಎಷ್ಟಿದೆ ಎಂದಷ್ಟೇ ನೋಡಿ ಹೆಚ್ಚಿನವರು ಅದನ್ನು ಮಡಚಿಡುತ್ತಾರೆ. ಆದರೆ ಅದೇ ಹಾಳೆಯ ನಡುವಿನ ಸಾಲುಗಳಲ್ಲಿ ಬಿಳಿ ರಕ್ತಕಣಗಳ ಬಗೆಬಗೆಯ ಶೇಕಡಾವಾರು ಲೆಕ್ಕವಿರುತ್ತದೆ. ಆ ಲೆಕ್ಕದಿಂದ ರೋಗಿಯ ಮುಂದಿನ ಗತಿಯನ್ನು ಅಂದಾಜು ಮಾಡಬಹುದೇ ಎಂಬ ಪ್ರಶ್ನೆಯನ್ನು ಕಳೆದ ಎರಡು ದಶಕಗಳಲ್ಲಿ ಜಗತ್ತಿನ ನೂರಾರು ಆಸ್ಪತ್ರೆಗಳು ಕೇಳಿಕೊಂಡಿವೆ. ಒಂದು ಮಿತಿಯವರೆಗೆ ಮಾಡಬಹುದು ಎಂಬ ಉತ್ತರವೂ ಸಿಕ್ಕಿದೆ. ಆ ಮಿತಿ ಯಾವುದು, ಅದರೊಳಗೆ ಈ ಅಂಕಿಗಳನ್ನು ಹೇಗೆ ಬಳಸಬೇಕು ಎಂಬುದೇ ಇಂದಿನ ನನ್ನ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಸೂಚಕಗಳು ಗೆಡ್ಡೆಗಿಂತ ಹೆಚ್ಚಾಗಿ ಗೆಡ್ಡೆಯನ್ನು ಹೊತ್ತಿರುವ ಮನುಷ್ಯನ ಸ್ಥಿತಿಯನ್ನು ಹೇಳುತ್ತವೆ. ಆದ್ದರಿಂದ ಇವುಗಳನ್ನು ಭವಿಷ್ಯ ನುಡಿಯಲು ಬಳಸುವುದಕ್ಕಿಂತ, ಆ ಮನುಷ್ಯನಿಗೆ ಈಗಲೇ ಮಾಡಬಹುದಾದದ್ದು ಏನಿದೆ ಎಂದು ಹುಡುಕಲು ಬಳಸಬೇಕು.

ಕ್ಯಾನ್ಸರ್‌ಗೂ ಉರಿಯೂತಕ್ಕೂ ನಂಟಿದೆ ಎಂಬ ವಿಚಾರ ಹೊಸದಲ್ಲ. ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಖೋ 1863ರಲ್ಲಿಯೇ ಗೆಡ್ಡೆಯ ಅಂಗಾಂಶದೊಳಗೆ ಬಿಳಿ ರಕ್ತಕಣಗಳನ್ನು ಕಂಡು, ದೀರ್ಘಕಾಲದ ಉರಿಯೂತವಿರುವ ಜಾಗದಲ್ಲಿ ಕ್ಯಾನ್ಸರ್ ಹುಟ್ಟುತ್ತದೆಂದು ತರ್ಕಿಸಿದ್ದರು. 1986ರಲ್ಲಿ ಅಮೆರಿಕದ ಹೆರಾಲ್ಡ್ ಡ್ವೊರಾಕ್ ಗೆಡ್ಡೆಗಳನ್ನು ಮಾಯದ ಗಾಯಗಳೆಂದು ಕರೆದರು. ಗಾಯವಾದಾಗ ದೇಹ ಹೊಸ ರಕ್ತನಾಳಗಳನ್ನು ಬೆಳೆಸುತ್ತದೆ, ಬಿಳಿ ಕಣಗಳನ್ನು ಅಲ್ಲಿಗೆ ಕಳಿಸುತ್ತದೆ, ಕೆಲಸ ಮುಗಿದ ಮೇಲೆ ಅವನ್ನು ಹಿಂದೆಗೆದುಕೊಳ್ಳುತ್ತದೆ. ಕ್ಯಾನ್ಸರ್‌ನಲ್ಲಿ ಈ ಹಿಂದೆಗೆದುಕೊಳ್ಳುವಿಕೆ ನಡೆಯುವುದೇ ಇಲ್ಲ. 2011ರಲ್ಲಿ ಹನಹಾನ್ ಮತ್ತು ವೈನ್‌ಬರ್ಗ್ ಕ್ಯಾನ್ಸರ್‌ನ ಮೂಲ ಲಕ್ಷಣಗಳನ್ನು ಕುರಿತ ತಮ್ಮ ಪ್ರಸಿದ್ಧ ಲೇಖನವನ್ನು ಪರಿಷ್ಕರಿಸಿದಾಗ, ಗೆಡ್ಡೆಯನ್ನು ಪೋಷಿಸುವ ಉರಿಯೂತಕ್ಕೂ ಅದರಲ್ಲಿ ಜಾಗ ಕೊಟ್ಟರು.

ಈ ಉರಿಯೂತ ಗೆಡ್ಡೆಯ ಸುತ್ತಮುತ್ತ ಮಾತ್ರ ನಿಲ್ಲುವುದಾದರೆ ರಕ್ತಪರೀಕ್ಷೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಗೆಡ್ಡೆಯ ಜೀವಕೋಶಗಳೂ ಅವುಗಳ ಸುತ್ತ ಸೇರಿದ ಕಣಗಳೂ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಅದು ಯಕೃತ್ತನ್ನು ತಲುಪಿದಾಗ ಯಕೃತ್ತು ತನ್ನ ದಿನನಿತ್ಯದ ಕೆಲಸದ ಕ್ರಮವನ್ನೇ ಬದಲಿಸುತ್ತದೆ. ಸಿಆರ್‌ಪಿ ಎಂಬ ಪ್ರೋಟೀನಿನ ತಯಾರಿ ಹಲವು ಪಟ್ಟು ಏರುತ್ತದೆ, ರಕ್ತದ ಮುಖ್ಯ ಪ್ರೋಟೀನಾದ ಆಲ್ಬುಮಿನ್ ಇಳಿಯುತ್ತದೆ. ಹೆಪ್ಸಿಡಿನ್ ಎಂಬ ಹಾರ್ಮೋನು ಹೆಚ್ಚಿ, ದೇಹದಲ್ಲಿ ಕಬ್ಬಿಣವಿದ್ದರೂ ಅದು ರಕ್ತ ತಯಾರಿಕೆಗೆ ಸಿಗದಂತಾಗಿ ಹಿಮೋಗ್ಲೋಬಿನ್ ಕುಸಿಯುತ್ತದೆ. ಥ್ರಾಂಬೊಪೊಯೆಟಿನ್ ಎಂಬ ಇನ್ನೊಂದು ಹಾರ್ಮೋನು ಹೆಚ್ಚಿ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳ ಸಂಖ್ಯೆ ಏರುತ್ತದೆ. ಅಂಡಾಶಯದ ಕ್ಯಾನ್ಸರ್‌ನಲ್ಲಿ ಈ ಕೊನೆಯ ಸರಪಳಿಯನ್ನು 2012ರಲ್ಲಿ ಸ್ಪಷ್ಟವಾಗಿ ತೋರಿಸಲಾಯಿತು. ಸಿಬಿಸಿ ಹಾಳೆಯಲ್ಲಿ ನಾವು ಬಿಡಿಬಿಡಿಯಾಗಿ ನೋಡುವ ರಕ್ತಹೀನತೆ, ಏರಿದ ಪ್ಲೇಟ್‌ಲೆಟ್, ಏರಿದ ಬಿಳಿ ಕಣಗಳು ಎಷ್ಟೋ ಸಲ ಒಂದೇ ಮೂಲದಿಂದ ಬಂದಿರುತ್ತವೆ. ಕಬ್ಬಿಣದ ಮಾತ್ರೆ ನುಂಗಿ ನುಂಗಿಯೂ ಹಿಮೋಗ್ಲೋಬಿನ್ ಏರಲಿಲ್ಲವೆಂದು ಬೇಸರಪಡುವ ರೋಗಿಗಳ ಮನೆಯವರು ಇದನ್ನು ತಿಳಿದಿರಬೇಕು.

ಕೋವಿಡ್ ಕಾಲದಲ್ಲಿ ಸಿಆರ್‌ಪಿ ಎಂಬ ಹೆಸರು ನಮ್ಮ ಊರಿನ ಮನೆಮನೆಗೂ ಪರಿಚಯವಾಯಿತು. ಅದನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಗುರುತಿಸಿದರು. ರಕ್ತದಲ್ಲಿ ಅದರ ಅರ್ಧಾಯುಷ್ಯ, ಅಂದರೆ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಸಮಯ, ಸುಮಾರು 19 ಗಂಟೆ ಮಾತ್ರ. ಹಾಗಾಗಿ ಉರಿಯೂತ ತಗ್ಗಿದರೆ ಕೆಲವೇ ದಿನಗಳಲ್ಲಿ ಅದೂ ತಗ್ಗುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ವೈದ್ಯರು 2003ರಲ್ಲಿ, ಶಸ್ತ್ರಚಿಕಿತ್ಸೆ ಮಾಡಲಾಗದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ಸಿಆರ್‌ಪಿ ಮತ್ತು ಆಲ್ಬುಮಿನ್ ಎರಡನ್ನೂ ಸೇರಿಸಿ ಒಂದು ಅಂಕಪದ್ಧತಿಯನ್ನು ಮಾಡಿದರು. ಅದರ ಪರಿಷ್ಕೃತ ರೂಪದಲ್ಲಿ ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ಮೀರದಿದ್ದರೆ ಸೊನ್ನೆ, ಮೀರಿದರೆ ಒಂದು, ಮೀರಿದ್ದಲ್ಲದೆ ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಂಗಿಂತ ಕಡಿಮೆ ಇದ್ದರೆ ಎರಡು. ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ ಹೇಳಬೇಕು. ಕೆಲವು ಪ್ರಯೋಗಾಲಯಗಳು ಸಿಆರ್‌ಪಿಯನ್ನು ಲೀಟರಿನ ಲೆಕ್ಕದಲ್ಲಿ ಕೊಡುತ್ತವೆ, ಕೆಲವು ಡೆಸಿಲೀಟರಿನ ಲೆಕ್ಕದಲ್ಲಿ. ಒಂದರಲ್ಲಿ 10 ಎಂದು ಬರೆದದ್ದು ಇನ್ನೊಂದರಲ್ಲಿ 1 ಆಗುತ್ತದೆ. ಎರಡು ಕಡೆಯ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವಾಗ ಅಂಕಿಯ ಮುಂದಿನ ಮಾನವನ್ನು ಓದದಿದ್ದರೆ ಹತ್ತು ಪಟ್ಟು ತಪ್ಪಾಗುತ್ತದೆ. ಇಲ್ಲದ ಭಯವೋ ಇಲ್ಲದ ಸಮಾಧಾನವೋ ರೋಗಿಯ ಮನೆಗೆ ಹೋಗುತ್ತದೆ.

ಈಗ ಹೆಚ್ಚು ಚರ್ಚೆಯಲ್ಲಿರುವ ಅಂಕಿಗೆ ಬರೋಣ. ನ್ಯೂಟ್ರೋಫಿಲ್, ಲಿಂಫೋಸೈಟ್ ಎಂಬವು ಬಿಳಿ ರಕ್ತಕಣಗಳ ಎರಡು ಬಗೆಗಳು. ನ್ಯೂಟ್ರೋಫಿಲ್‌ಗಳ ಸಂಖ್ಯೆಯನ್ನು ಲಿಂಫೋಸೈಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಅನುಪಾತ ಅದು; ವೈದ್ಯರು ಎನ್‌ಎಲ್‌ಆರ್ ಎನ್ನುತ್ತಾರೆ. ಶೇಕಡಾವಾರು ಅಂಕಿಗಳಿಂದ ಭಾಗಿಸಿದರೂ ಉತ್ತರ ಒಂದೇ. ನ್ಯೂಟ್ರೋಫಿಲ್ 60, ಲಿಂಫೋಸೈಟ್ 30 ಇದ್ದರೆ ಅನುಪಾತ 2. ಆರೋಗ್ಯವಂತ ವಯಸ್ಕರಲ್ಲಿ ಸಾಮಾನ್ಯವಾಗಿ ಅದು 1ರಿಂದ 3ರೊಳಗೆ ಇರುತ್ತದೆ. ಇದನ್ನು ದೇಹದ ಒತ್ತಡದ ಅಳತೆಯಾಗಿ ಬಳಸಬಹುದೆಂದು 2001ರಲ್ಲಿ ಸ್ಲೊವಾಕಿಯಾದ ವೈದ್ಯ ಝಾಹೋರೆಟ್ಸ್ ಸೂಚಿಸಿದರು. ಆಮೇಲೆ ಕರುಳು, ಶ್ವಾಸಕೋಶ, ಯಕೃತ್ತು, ಮೂತ್ರಪಿಂಡ, ಬಾಯಿ ಎಂದು ಒಂದೊಂದೇ ಅಂಗದ ಕ್ಯಾನ್ಸರ್‌ನಲ್ಲಿ ಅದನ್ನು ಪರಿಶೀಲಿಸಲಾಯಿತು. 2014ರಲ್ಲಿ ಟೆಂಪಲ್‌ಟನ್ ಮತ್ತು ಸಂಗಡಿಗರು 100 ಅಧ್ಯಯನಗಳ 40,559 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಅನುಪಾತ ಹೆಚ್ಚಿದ್ದವರಲ್ಲಿ ಸಾವಿನ ಅಪಾಯ ಕಡಿಮೆ ಇದ್ದವರಿಗಿಂತ ಸುಮಾರು 1.8 ಪಟ್ಟು ಎಂದು ಕಂಡುಬಂತು. ಪ್ಲೇಟ್‌ಲೆಟ್ ಸಂಖ್ಯೆಯನ್ನು ಈ ಅನುಪಾತದಿಂದ ಗುಣಿಸಿ ಪಡೆಯುವ ಇನ್ನೊಂದು ಸೂಚ್ಯಂಕವೂ 2014ರಿಂದ ಬಳಕೆಯಲ್ಲಿದೆ. ಮೊದಲಿಗೆ ಅದನ್ನು ಯಕೃತ್ತಿನ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಲಾಯಿತು.

ಇದಕ್ಕೆ ಜೈವಿಕ ಅರ್ಥವೂ ಇದೆ. ಕ್ಯಾನ್ಸರ್ ಕೋಶಗಳನ್ನು ಗುರುತಿಸಿ ಕೊಲ್ಲುವ ಕೆಲಸ ಬಹುಮಟ್ಟಿಗೆ ಲಿಂಫೋಸೈಟ್‌ಗಳದು. ನ್ಯೂಟ್ರೋಫಿಲ್‌ಗಳು ಸೋಂಕಿನ ವಿರುದ್ಧ ನಮ್ಮ ಮೊದಲ ರಕ್ಷಕರು ನಿಜ, ಆದರೆ ಗೆಡ್ಡೆಯ ಬಳಿ ಅವು ರಕ್ತನಾಳ ಬೆಳೆಸುವ ವಸ್ತುಗಳನ್ನು ಸ್ರವಿಸಿ, ಲಿಂಫೋಸೈಟ್‌ಗಳ ಕೆಲಸವನ್ನೇ ತಡೆಯಬಲ್ಲವು. ರಕ್ತದಲ್ಲಿ ತಿರುಗುವ ಕ್ಯಾನ್ಸರ್ ಕೋಶಗಳಿಗೆ ಪ್ಲೇಟ್‌ಲೆಟ್‌ಗಳು ಮುತ್ತಿಕೊಂಡು ಅವುಗಳನ್ನು ಪ್ರತಿರೋಧದ ಕಣಗಳಿಂದ ಮರೆಮಾಡುತ್ತವೆ. ಎಣಿಕೆಯನ್ನು ರೋಗಗತಿಯ ಲೆಕ್ಕಕ್ಕೆ ಸೇರಿಸಿಕೊಳ್ಳುವ ಪದ್ಧತಿ ಈ ಅನುಪಾತಕ್ಕಿಂತ ಹಳೆಯದು ಕೂಡ. 1998ರಲ್ಲಿ ಹಾಜ್ಕಿನ್ ಲಿಂಫೋಮಾ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್‌ಗೆ ರೂಪಿಸಿದ ಅಂತರರಾಷ್ಟ್ರೀಯ ಅಂಕಪದ್ಧತಿಯಲ್ಲಿ ಆಲ್ಬುಮಿನ್, ಹಿಮೋಗ್ಲೋಬಿನ್, ಬಿಳಿ ಕಣ ಮತ್ತು ಲಿಂಫೋಸೈಟ್ ನಾಲ್ಕಕ್ಕೂ ಸ್ಥಾನವಿದೆ. ಹರಡಿದ ಮೂತ್ರಪಿಂಡದ ಕ್ಯಾನ್ಸರ್‌ಗೆ 2009ರಿಂದ ಬಳಸುವ ಪದ್ಧತಿಯಲ್ಲಿ ಏರಿದ ನ್ಯೂಟ್ರೋಫಿಲ್ ಮತ್ತು ಏರಿದ ಪ್ಲೇಟ್‌ಲೆಟ್ ಎರಡೂ ಸೇರಿವೆ. ಅದರ ಆಧಾರದ ಮೇಲೆ ಔಷಧದ ಆಯ್ಕೆಯೂ ನಡೆಯುತ್ತದೆ.

ಇಷ್ಟು ಕೇಳಿದ ಮೇಲೆ ಮನೆಗೆ ಹೋಗಿ ಹಳೆಯ ವರದಿ ತೆಗೆದು ಭಾಗಿಸಿ ನೋಡುವ ಆಸೆ ಯಾರಿಗಾದರೂ ಆಗಬಹುದು. ದಯವಿಟ್ಟು ಮುಂದಿನ ಮಾತನ್ನು ಕೇಳಿಸಿಕೊಂಡು ನೋಡಿ.

ನಮ್ಮ ಭಾಗದ ರೋಗವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಚನ್ನಗಿರಿ, ಹೊಳಲ್ಕೆರೆ ಸೀಮೆಯ ಬದುಕು ಅಡಿಕೆಯನ್ನು ನಂಬಿದೆ. ಅಡಿಕೆ ಬೆಳೆಗಾರರ ಕಷ್ಟಸುಖ ನನಗೆ ಗೊತ್ತಿದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ ಎಂಬುದನ್ನು ವೈದ್ಯನಾದವನು ಮುಚ್ಚಿಡುವಂತಿಲ್ಲ. ತಂಬಾಕು, ಗುಟ್ಕಾ ಸೇರಿದರೆ ಅಪಾಯ ಇನ್ನೂ ಹೆಚ್ಚು. ಕೆನ್ನೆಯ ಒಳಗೆ ಕ್ಯಾನ್ಸರ್ ಹುಣ್ಣಾಗಿರುವ ಐವತ್ತು ದಾಟಿದ ರೈತನೊಬ್ಬನ ವರದಿಯನ್ನು ಊಹಿಸಿಕೊಳ್ಳಿ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಬಿಳಿ ಕಣ 12,800, ನ್ಯೂಟ್ರೋಫಿಲ್ ಶೇ 78, ಲಿಂಫೋಸೈಟ್ ಶೇ 13. ಅನುಪಾತ 6. ಪುಸ್ತಕದ ಪ್ರಕಾರ ಇದು ಕೆಟ್ಟ ಗುಂಪು. ಆದರೆ ಬಾಯಿಯನ್ನು ಪರೀಕ್ಷಿಸಿದರೆ ಗೆಡ್ಡೆಯ ಪಕ್ಕದ ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿದೆ, ಹುಣ್ಣಿನ ಮೇಲೂ ಸೋಂಕು ಹತ್ತಿದೆ. ಹಲ್ಲು ತೆಗೆಸಿ, ಆಂಟಿಬಯೋಟಿಕ್ ಕೊಟ್ಟು, ಬಾಯಿ ಶುಚಿ ಮಾಡಿಸಿ, ಹತ್ತು ದಿನ ಬಿಟ್ಟು ನೋಡಿದರೆ ಬಿಳಿ ಕಣ 9,000, ನ್ಯೂಟ್ರೋಫಿಲ್ 68, ಲಿಂಫೋಸೈಟ್ 22 ಆಗಿರಬಹುದು. ಅನುಪಾತ 3ಕ್ಕೆ ಇಳಿಯಿತು. ಗೆಡ್ಡೆ ಇದ್ದಲ್ಲೇ ಇದೆ, ಇದ್ದಷ್ಟೇ ಇದೆ. ಇಳಿದದ್ದು ಹಲ್ಲಿನ ಕೀವಿನ ಪಾಲು.

ಅನುಪಾತದ ದೊಡ್ಡ ಕೊರತೆಯೂ ಇಲ್ಲಿಯೇ ಇದೆ. ಭಾಗಾಕಾರ ಮಾಡಿದ ಕೂಡಲೇ ಮೇಲಿನ ಅಂಕಿ ಏರಿತೋ ಕೆಳಗಿನದು ಇಳಿಯಿತೋ ಎಂಬ ಸಂಗತಿ ಅಳಿಸಿಹೋಗುತ್ತದೆ. ಈ ರೈತನ ಮೊದಲ ವರದಿಯಲ್ಲಿ ನ್ಯೂಟ್ರೋಫಿಲ್ ಸುಮಾರು 9,980, ಲಿಂಫೋಸೈಟ್ ಸುಮಾರು 1,660. ಲಿಂಫೋಸೈಟ್ ಸಂಖ್ಯೆ ಸಹಜವಾಗಿಯೇ ಇದೆ. ಇನ್ನೊಬ್ಬರಲ್ಲಿ ನ್ಯೂಟ್ರೋಫಿಲ್ 4,200, ಲಿಂಫೋಸೈಟ್ 700 ಇದ್ದರೂ ಉತ್ತರ 6 ಎಂದೇ ಬರುತ್ತದೆ. ಮೊದಲನೆಯವರಲ್ಲಿ ಸೋಂಕನ್ನು ಹುಡುಕಬೇಕು. ಎರಡನೆಯವರಲ್ಲಿ ಊಟ ಸೇರುತ್ತಿಲ್ಲವೇ, ತೂಕ ಇಳಿದಿದೆಯೇ, ಹಿಂದೆ ವಿಕಿರಣ ಚಿಕಿತ್ಸೆ ಆಗಿತ್ತೇ, ಲಿಂಫೋಸೈಟ್ ತಗ್ಗಿಸುವ ಬೇರೆ ಕಾಯಿಲೆ ಇದೆಯೇ ಎಂದು ವಿಚಾರಿಸಬೇಕು. ಎರಡು ಬೇರೆ ಬೇರೆ ಕಥೆಗಳನ್ನು ಒಂದೇ ಅಂಕಿ ಹೇಳುತ್ತಿರುವಾಗ, ಅಂಕಿಯನ್ನು ಬಿಡಿಸಿ ನೋಡದೆ ತೀರ್ಮಾನ ಹೇಳುವುದು ಅನ್ಯಾಯ.

ಅನುಪಾತವನ್ನು ಏರಿಸುವ ಕಾರಣಗಳು ಇನ್ನೂ ಇವೆ. ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಕೊಟ್ಟ ಕೆಲವೇ ಗಂಟೆಗಳಲ್ಲಿ, ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಕಳಚಿಕೊಂಡು ರಕ್ತದ ಹರಿವಿಗೆ ಬರುತ್ತವೆ, ಲಿಂಫೋಸೈಟ್‌ಗಳು ಇಳಿಯುತ್ತವೆ. ಕೀಮೋಥೆರಪಿಗೆ ಮುನ್ನ ಅಲರ್ಜಿ, ವಾಂತಿ ತಡೆಯಲು ಕೊಡುವುದೂ ಇದೇ ಔಷಧ. ಆಮೇಲೆ ತೆಗೆದ ರಕ್ತದಿಂದ ಅನುಪಾತ ಲೆಕ್ಕಹಾಕಿದರೆ ಅದು ಔಷಧದ ಪರಿಣಾಮವನ್ನು ಅಳೆದಂತಾಗುತ್ತದೆಯೇ ಹೊರತು ರೋಗವನ್ನಲ್ಲ. ಬಿಳಿ ಕಣ ಹೆಚ್ಚಿಸುವ ಚುಚ್ಚುಮದ್ದು, ಈಚೆಗಷ್ಟೇ ಆದ ಶಸ್ತ್ರಚಿಕಿತ್ಸೆ, ಹೃದಯಾಘಾತ, ಬೀಡಿ ಸಿಗರೇಟು ಸೇದುವ ಅಭ್ಯಾಸ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಕ್ಷಯ ಇವೆಲ್ಲವೂ ಉರಿಯೂತದ ಅಂಕಿಗಳನ್ನು ಬದಲಿಸುತ್ತವೆ. ಯೂರೋಪಿನ ಅಧ್ಯಯನಗಳು ಕ್ಷಯದ ವಿಚಾರಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ನಮ್ಮಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಅದರ ಜೊತೆಗೇ ಕ್ಷಯವೂ ಇರಬಹುದು.

ಇನ್ನು ಎಣಿಕೆಯ ವಿಚಾರ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಮುಂದೆ ಕುಳಿತಿರುವ ವಿದ್ಯಾರ್ಥಿಗಳ ಕೈಯಿಂದಲೇ ಈ ಅಂಕಿಗಳು ಹುಟ್ಟಬೇಕಾಗಿದೆ. ಸಣ್ಣ ಪ್ರಯೋಗಾಲಯದಲ್ಲಿ ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ, ಲೀಶ್‌ಮನ್ ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೂರು ಕಣಗಳನ್ನು ಎಣಿಸುತ್ತೇವೆ. ನಿಜವಾದ ಲಿಂಫೋಸೈಟ್ ಪ್ರಮಾಣ ಶೇ 20 ಇದ್ದರೂ, ನೂರೇ ಕಣ ಎಣಿಸಿದಾಗ ಕೇವಲ ಆಕಸ್ಮಿಕದಿಂದ ಅದು 13 ಎಂದೋ 28 ಎಂದೋ ಬರುವುದು ಸಂಖ್ಯಾಶಾಸ್ತ್ರದ ಪ್ರಕಾರ ಸಹಜವೇ ಆಗಿದೆ. ಒಮ್ಮೆ 70 ಮತ್ತು 20 ಬಂದರೆ ಅನುಪಾತ 3.5, ಅದೇ ಗಾಜನ್ನು ಇನ್ನೊಬ್ಬರು ಎಣಿಸಿ 75 ಮತ್ತು 15 ಎಂದರೆ ಅನುಪಾತ 5. ಇಬ್ಬರೂ ಸರಿಯಾಗಿಯೇ ಎಣಿಸಿದ್ದಾರೆ. ಯಂತ್ರಗಳು ಸಾವಿರಾರು ಕಣಗಳನ್ನು ಎಣಿಸುವುದರಿಂದ ಈ ತೊಂದರೆ ತಗ್ಗುತ್ತದೆ, ಆದರೆ ತಾಲ್ಲೂಕು ಮಟ್ಟದಲ್ಲಿ ಹೆಚ್ಚು ಬಳಕೆಯಲ್ಲಿರುವ ತ್ರೀ-ಪಾರ್ಟ್ ಯಂತ್ರ, ಅಂದರೆ ಬಿಳಿ ಕಣಗಳನ್ನು ಮೂರೇ ಗುಂಪಾಗಿ ವಿಂಗಡಿಸುವ ಯಂತ್ರ, ಮೊನೋಸೈಟ್, ಇಯೊಸಿನೋಫಿಲ್, ಬೇಸೋಫಿಲ್ ಎಂಬ ಮೂರು ಬಗೆಯ ಬಿಳಿ ಕಣಗಳನ್ನೂ ಒಂದೇ ಗುಂಪಿಗೆ ಹಾಕಿ ಲೆಕ್ಕ ಕೊಡುತ್ತದೆ. ಆ ಗುಂಪನ್ನು ಮೊನೋಸೈಟ್ ಎಂದೇ ತಿಳಿದು ಲಿಂಫೋಸೈಟ್-ಮೊನೋಸೈಟ್ ಅನುಪಾತ (ಕಡಿಮೆಯಿದ್ದಷ್ಟೂ ಕೆಟ್ಟದ್ದೆಂದು ಪರಿಗಣಿಸುವ ಇನ್ನೊಂದು ಸೂಚಕ) ಬರೆದರೆ, ಹೊಟ್ಟೆಯಲ್ಲಿ ಜಂತುಹುಳು ಇದ್ದು ಇಯೊಸಿನೋಫಿಲ್ ಏರಿದವರನ್ನೂ ಕೆಟ್ಟ ಗುಂಪಿಗೆ ತಳ್ಳಿದಂತಾಗುತ್ತದೆ. ನೇರಳೆ ಮುಚ್ಚಳದ ಇಡಿಟಿಎ ಕೊಳವೆಯಲ್ಲಿ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಯಂತ್ರದ ಲೆಕ್ಕಕ್ಕೆ ಸಿಗದೆ ಹೋಗುತ್ತವೆ; ಆಗ ಪ್ಲೇಟ್‌ಲೆಟ್ ಆಧರಿಸಿದ ಸೂಚ್ಯಂಕಗಳೆಲ್ಲ ಸುಳ್ಳಾಗುತ್ತವೆ. ಸಂಶಯ ಬಂದಾಗ ಗಾಜಿನ ಲೇಪವನ್ನು ಕಣ್ಣಿಂದ ನೋಡಲೇಬೇಕು.

ಕೆಟ್ಟ ಗುಂಪು, ಒಳ್ಳೆಯ ಗುಂಪು ಎಂದು ಭಾಗಮಾಡುವ ಗೆರೆಯೂ ಸ್ಥಿರವಾಗಿಲ್ಲ. ಒಂದು ಅಧ್ಯಯನ 2.5 ಎಂದರೆ ಇನ್ನೊಂದು 3, ಮತ್ತೊಂದು 5 ಎನ್ನುತ್ತದೆ. ಎಷ್ಟೋ ಕಡೆ ತಮ್ಮದೇ ರೋಗಿಗಳ ಮಾಹಿತಿಯಲ್ಲಿ ಎಲ್ಲಿ ಗೆರೆ ಎಳೆದರೆ ವ್ಯತ್ಯಾಸ ಅತಿ ದೊಡ್ಡದಾಗಿ ಕಾಣುತ್ತದೋ ಅಲ್ಲಿಯೇ ಎಳೆದು, ಅದೇ ರೋಗಿಗಳ ಮೇಲೆ ಅದನ್ನು ಸರಿಯೆಂದು ತೋರಿಸುತ್ತಾರೆ. ಹೀಗೆ ಮಾಡಿದರೆ ಫಲಿತಾಂಶ ಚೆನ್ನಾಗಿ ಕಾಣದೆ ಇನ್ನೇನು? ಬೇರೆ ಊರಿನ, ಬೇರೆ ರೋಗಿಗಳ ಮೇಲೆ ಪರೀಕ್ಷಿಸಿದಾಗ ಅದರ ಶಕ್ತಿ ಅರ್ಧಕ್ಕರ್ಧ ಕರಗುವುದುಂಟು. ಏನೂ ಕಾಣದ ಸಣ್ಣ ಅಧ್ಯಯನಗಳು ಪ್ರಕಟವಾಗದೇ ಉಳಿಯುವುದರಿಂದ ಪ್ರಕಟವಾದವುಗಳ ಒಟ್ಟು ಮೊತ್ತವೂ ಸ್ವಲ್ಪ ಉಬ್ಬಿರುತ್ತದೆ. ಇಂಥ ಸಂಶೋಧನೆಯ ವರದಿ ಹೇಗಿರಬೇಕೆಂಬುದಕ್ಕೆ 2005ರಲ್ಲಿಯೇ ರಿಮಾರ್ಕ್ ಎಂಬ ಮಾರ್ಗಸೂಚಿ ಬಂದಿದೆ. ನಮ್ಮ ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಈ ಅನುಪಾತ ಅಚ್ಚುಮೆಚ್ಚಿನ ಪ್ರಬಂಧ ವಿಷಯ, ಏಕೆಂದರೆ ಖರ್ಚಿಲ್ಲ, ಮಾಹಿತಿ ಹಳೆಯ ಕಡತಗಳಲ್ಲಿ ಸಿಗುತ್ತದೆ. ಅವರಲ್ಲಿ ನನ್ನ ಕಳಕಳಿಯ ಕೋರಿಕೆ ಇಷ್ಟೇ: ಗೆರೆಯನ್ನು ಮೊದಲೇ ಬರೆದಿಟ್ಟು ಅಧ್ಯಯನ ಶುರುಮಾಡಿ, ರಕ್ತ ತೆಗೆದ ದಿನ ಜ್ವರವಿತ್ತೇ, ಸ್ಟಿರಾಯ್ಡ್ ಕೊಟ್ಟಿತ್ತೇ ಎಂಬುದನ್ನು ದಾಖಲಿಸಿ. ದಾವಣಗೆರೆ, ಚಿತ್ರದುರ್ಗದ ಬಾಯಿ ಕ್ಯಾನ್ಸರ್ ರೋಗಿಗಳ ಬಗ್ಗೆ ಇಂಥ ಶಿಸ್ತಿನ ಮಾಹಿತಿ ಬಂದರೆ ಅದು ನಮ್ಮ ರೋಗಿಗಳಿಗೇ ಉಪಯೋಗಕ್ಕೆ ಬರುತ್ತದೆ.

ರೋಗದ ಗತಿಯನ್ನು ಸೂಚಿಸುವುದು ಬೇರೆ, ಯಾವ ಔಷಧ ಯಾರಿಗೆ ಫಲಿಸುತ್ತದೆಂದು ಹೇಳುವುದು ಬೇರೆ. ಈ ಸೂಚಕಗಳು ಮೊದಲನೆಯದನ್ನು ಒಂದಿಷ್ಟು ಮಾಡುತ್ತವೆ, ಎರಡನೆಯದನ್ನು ಮಾಡುತ್ತವೆಂದು ಇನ್ನೂ ಖಚಿತವಾಗಿ ಹೇಳಲಾಗದು. ಅಂಕಿ ಏರಿದೆ ಎಂದ ಮಾತ್ರಕ್ಕೆ ಅದನ್ನು ಔಷಧದಿಂದ ಇಳಿಸಿದರೆ ರೋಗವೂ ಇಳಿಯುತ್ತದೆಂಬ ನಂಬಿಕೆ ಅದಕ್ಕಿಂತಲೂ ದುರ್ಬಲ. 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಎಂಬ ಪ್ರಯೋಗದಲ್ಲಿ, ಹೃದಯಾಘಾತವಾಗಿ ಸಿಆರ್‌ಪಿ ಏರಿದ್ದ 10,061 ಜನರಲ್ಲಿ ಕೆನಾಕಿನುಮ್ಯಾಬ್ ಎಂಬ ಉರಿಯೂತ ತಡೆಯುವ ಔಷಧ ಪಡೆದವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಬಂತು. ಎಲ್ಲರಲ್ಲೂ ದೊಡ್ಡ ಆಸೆ ಹುಟ್ಟಿತು. ಆದರೆ ಶ್ವಾಸಕೋಶದ ಕ್ಯಾನ್ಸರ್ ಬಂದವರಿಗೇ ಆ ಔಷಧವನ್ನು ಕೊಟ್ಟು ನೋಡಿದ ಮುಂದಿನ ಕೆನೊಪಿ ಪ್ರಯೋಗಗಳಲ್ಲಿ ನಿರೀಕ್ಷಿಸಿದ ಲಾಭ ಸಿಗಲಿಲ್ಲ. ಹೀಗಿರುವಾಗ ಉರಿಯೂತ ಇಳಿಸುತ್ತದೆ ಎಂದು ಮಾರುವ ಅರಿಶಿನದ ಸಾರದ ಮಾತ್ರೆಗಳಿಗೆ ದುಡ್ಡು ಸುರಿಯಬೇಡಿ. ಅಡುಗೆಯ ಅರಿಶಿನದಿಂದ ತೊಂದರೆಯಿಲ್ಲ. ಸಾಂದ್ರಗೊಳಿಸಿದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ, ಮತ್ತು ಕೀಮೋಥೆರಪಿಯನ್ನು ಸಹಿಸಬೇಕಾದುದೂ ಅದೇ ಯಕೃತ್ತು.

ಉಪನ್ಯಾಸದ ನಂತರ ಒಬ್ಬ ತಾಯಿ ಎದ್ದು ಕೇಳಿದರು: "ಸರ್, ನಮ್ಮ ಯಜಮಾನ್ರಿಗೆ ಏಳು ಬಂದೈತಿ. ಫೋನಿನಾಗ ನೋಡಿದ್ರೆ ಬದುಕೋದು ಕಷ್ಟ ಅಂತ ತೋರಿಸ್ತೈತಿ. ಹೌದಾ?" ಅವರಿಗೆ ಹೇಳಿದ್ದನ್ನು ಇಲ್ಲಿ ವಿಸ್ತರಿಸಿ ಬರೆಯುತ್ತೇನೆ. 1.8 ಪಟ್ಟು ಎಂಬುದು ಸಾವಿರಾರು ಜನರ ಎರಡು ಗುಂಪುಗಳ ಸರಾಸರಿಯನ್ನು ಹೋಲಿಸಿದಾಗ ಬಂದ ಮಾತು. ಅನುಪಾತ ಹೆಚ್ಚಿದ್ದೂ ಬಹುಕಾಲ ಬದುಕಿದವರು ಆ ಗುಂಪಿನಲ್ಲಿದ್ದಾರೆ. ಕಡಿಮೆ ಇದ್ದೂ ಬೇಗ ತೀರಿಕೊಂಡವರೂ ಇದ್ದಾರೆ. ಬಾಯಿ ಕ್ಯಾನ್ಸರ್‌ನಲ್ಲಿ ಗೆಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ಕುತ್ತಿಗೆಯ ಗ್ರಂಥಿಗಳಿಗೆ ಹರಡಿದೆಯೇ, ಗ್ರಂಥಿಯ ಹೊದಿಕೆಯನ್ನು ದಾಟಿದೆಯೇ, ಶಸ್ತ್ರಚಿಕಿತ್ಸೆಯಲ್ಲಿ ಅಂಚು ಪೂರ್ತಿ ಶುದ್ಧವಾಗಿ ಸಿಕ್ಕಿತೇ ಎಂಬ ಸಂಗತಿಗಳ ಮುಂದೆ ರಕ್ತದ ಅನುಪಾತ ಚಿಕ್ಕದು. ಏಳು ಬಂದಿದ್ದರೆ ವೈದ್ಯರನ್ನು ಹೀಗೆ ಕೇಳಿ: ಎಲ್ಲಾದರೂ ಸೋಂಕು ಇದೆಯೇ, ಹಲ್ಲಿನ ವೈದ್ಯರಿಗೆ ತೋರಿಸಬೇಕೇ, ಆಲ್ಬುಮಿನ್ ಎಷ್ಟಿದೆ, ನುಂಗಲು ಆಗದಿದ್ದರೆ ಮೂಗಿನ ನಳಿಕೆಯಿಂದ ಆಹಾರ ಕೊಡಬಹುದೇ, ಚಿಕಿತ್ಸೆ ಯಾವಾಗ ಶುರುವಾಗುತ್ತದೆ. ಇವುಗಳಿಗೆ ಉತ್ತರವೂ ಇದೆ, ಪರಿಹಾರವೂ ಇದೆ.

ವಿದ್ಯಾರ್ಥಿಯೊಬ್ಬರು ಕೀಮೋಥೆರಪಿ ನಡೆಯುವಾಗ ಅನುಪಾತ ಇಳಿಯುತ್ತಾ ಹೋದರೆ ಚಿಕಿತ್ಸೆ ಫಲಿಸುತ್ತಿದೆ ಎನ್ನಬಹುದೇ ಎಂದು ಕೇಳಿದರು. ಇದು ಬಹಳ ಮುಖ್ಯವಾದ ಪ್ರಶ್ನೆ. ಕೀಮೋಥೆರಪಿ ರಕ್ತಕಣಗಳು ಹುಟ್ಟುವ ಮೂಳೆಮಜ್ಜೆಯನ್ನು ಕುಗ್ಗಿಸಿ ನ್ಯೂಟ್ರೋಫಿಲ್‌ಗಳನ್ನು ಇಳಿಸುತ್ತದೆ. ಬಿಳಿ ಕಣ 1,200 ಇದ್ದು ನ್ಯೂಟ್ರೋಫಿಲ್ ಶೇ 35, ಲಿಂಫೋಸೈಟ್ ಶೇ 50 ಆದರೆ ಅನುಪಾತ 0.7 ಎಂದು ಬರುತ್ತದೆ. ನೋಡಲು ಚೆನ್ನಾಗಿದೆ, ಆದರೆ ನ್ಯೂಟ್ರೋಫಿಲ್‌ಗಳ ನಿಜವಾದ ಸಂಖ್ಯೆ ಕೇವಲ 420. ಅದು 500ಕ್ಕಿಂತ ಕಡಿಮೆಯಾದಾಗ ಸಾಧಾರಣ ಸೋಂಕೂ ಜೀವಕ್ಕೆ ಎರವಾಗಬಲ್ಲದು. ಆ ದಿನಗಳಲ್ಲಿ ಅನುಪಾತವನ್ನು ಲೆಕ್ಕ ಹಾಕಲೇಬೇಡಿ, ನ್ಯೂಟ್ರೋಫಿಲ್‌ನ ಪೂರ್ಣ ಸಂಖ್ಯೆಯನ್ನು ಮಾತ್ರ ನೋಡಿ. ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಕೀಮೋಥೆರಪಿ ಪಡೆಯುತ್ತಿರುವವರಿಗೆ ಜ್ವರ 101 ಡಿಗ್ರಿ ಮುಟ್ಟಿದರೆ, ಅಥವಾ 100.4 ಡಿಗ್ರಿ ಒಂದು ಗಂಟೆಯಾದರೂ ಇಳಿಯದಿದ್ದರೆ, ಜ್ವರದ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯದೆ, ಜಗಳೂರಾಗಲಿ ಹೊಸದುರ್ಗವಾಗಲಿ, ಅದೇ ರಾತ್ರಿ ಹೊರಟು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬನ್ನಿ. ಬರುವಾಗ ಕೊನೆಯ ಕೀಮೋಥೆರಪಿ ಆದ ದಿನಾಂಕ ಬರೆದಿರುವ ಚೀಟಿಯನ್ನೂ ಹಿಂದಿನ ಸಿಬಿಸಿ ಹಾಳೆಯನ್ನೂ ತನ್ನಿ.